ನೂಲಿನ ಇಂಜಿನ್ನಿಗೆ ಎಂಎಂ ಬೋಲ್ಟು ಬೇಡ

ಹಳೆ ಡೀಸೆಲ್ ಇಂಜಿನ್ ಸವೆದು ಗುಜರಿಗೆ ಹೋದರೆ ಬೇಸರವಿಲ್ಲ. ಅಳತೆ ತಪ್ಪಿದ ರಿಪೇರಿಯಿಂದ ಹೋದರೆ ಹೊಟ್ಟೆ ಉರಿಯುತ್ತದೆ.

ಚಿಂತಾಮಣಿ ತಾಲ್ಲೂಕಿನಲ್ಲಿ ನನ್ನದು ಎರಡೂವರೆ ಎಕರೆ. ತೆರೆದ ಬಾವಿಗೆಂದು ಅಪ್ಪ ತಂದ ಲಿಸ್ಟರ್ ಮಾದರಿ ಇಂಜಿನ್ ಈಗ ಕೃಷಿ ಹೊಂಡದಿಂದ ಟೊಮೆಟೊಗೆ ನೀರೆತ್ತುತ್ತದೆ. ಕಳೆದ ಬೇಸಿಗೆಯಲ್ಲಿ ಅದರ ಒಂದು ಬೋಲ್ಟು ಉದುರಿ ಹೋಯ್ತು. ಮೆಕ್ಯಾನಿಕ್ ಹುಡುಗ 12 ಎಂಎಂ ಬೋಲ್ಟು ತಂದ. ಎರಡು ಸುತ್ತು ಕೈಯಲ್ಲೇ ಹೋಗಿ ಹಿಡಿದುಕೊಂಡಿತು. "ತುಕ್ಕು ಇರ್ಬೇಕಣ್ಣ, ಸ್ಪ್ಯಾನರ್ ಹಾಕಿದ್ರೆ ಹೋಗುತ್ತೆ" ಅಂದ. ಹೋಯ್ತು. ಮೂರನೇ ದಿನ ಇಂಜಿನ್ ಅದುರಿ ಬೋಲ್ಟು ಕಳಚಿತು, ತೂತಿನ ಥ್ರೆಡ್ಡೂ ಕಿತ್ತು ಬಂತು. ಲೇತ್ ಅಂಗಡಿಯಲ್ಲಿ ಬುಷ್ ಕೂರಿಸಿ ಹೊಸ ಥ್ರೆಡ್ ಹಾಕಿಸುವಷ್ಟರಲ್ಲಿ ಐದು ದಿನ. ಹೂ ಬಿಟ್ಟಿದ್ದ ಟೊಮೆಟೊ ಬಾಡಿತು.

ಆ ತೂತು ನಾಲ್ಕು ನೂಲಿನದು, ಅಂದರೆ ಅರ್ಧ ಇಂಚು. ಎಂಟು ನೂಲಿಗೆ ಒಂದು ಇಂಚು, ಇಂಚಿಗೆ 25.4 ಎಂಎಂ. ಲೆಕ್ಕಕ್ಕೆ ಅರ್ಧ ಇಂಚು 12.7 ಎಂಎಂ. 12 ಹತ್ತಿರದ್ದೇ ಅನಿಸುತ್ತದೆ. ಆದರೆ ಥ್ರೆಡ್ ಬೇರೆ. ಅರ್ಧ ಇಂಚಿನ ವಿಟ್‌ವರ್ಥ್ ಬೋಲ್ಟಿಗೆ ಇಂಚಿಗೆ 12 ಥ್ರೆಡ್, ಮಾಮೂಲಿ 12 ಎಂಎಂ ಬೋಲ್ಟಿಗೆ ಹದಿನಾಲ್ಕೂವರೆ. ಥ್ರೆಡ್ಡಿನ ಕೋನ ಒಂದರದ್ದು 55 ಡಿಗ್ರಿ, ಇನ್ನೊಂದರದ್ದು 60. ಹಾಗಾಗಿ ಎರಡು ಮೂರು ಸುತ್ತಿಗೆ ಸಿಕ್ಕಿಕೊಳ್ಳುತ್ತದೆ. ಅದನ್ನು ಬಿಗಿ ಅಂದುಕೊಂಡರೆ ಕೆಟ್ಟಿತು.

ಹುಡುಗನನ್ನು ಬಯ್ಯಲಾರೆ. ಮೆಟ್ರಿಕ್ ಅಳತೆಯ ಕಾಯಿದೆ ಬಂದದ್ದು 1956ರಲ್ಲಿ. ಅವನು ಕಲಿತದ್ದೆಲ್ಲ ಎಂಎಂ. ನೂಲಿನ ಲೆಕ್ಕ ಬಲ್ಲ ಹಳೆ ಮೇಸ್ತ್ರಿಗಳು ಕಡಿಮೆಯಾಗುತ್ತಿದ್ದಾರೆ. ಟ್ರ್ಯಾಕ್ಟರ್‌ಗಳದ್ದೂ ಇದೇ ಕಥೆ. ಇಂಗ್ಲೆಂಡ್ ಮೂಲದ ಹಳೆ ಮ್ಯಾಸಿ ಫರ್ಗುಸನ್ ಇಂಚಿನದು. 1971ರಿಂದ ಎಚ್‌ಎಂಟಿಯವರು ಜೆಕೊಸ್ಲೊವಾಕಿಯಾದ ಝೆಟಾರ್ ಜೊತೆ ಸೇರಿ ಮಾಡಿದ್ದು ಎಂಎಂನದು. ಒಂದೇ ಊರಲ್ಲಿ ಎರಡೂ ಇದ್ದರೆ ಹುಡುಗ ಏನು ಮಾಡಿಯಾನು?

ತಪ್ಪು ನನ್ನದು. ಯಾವ ಅಳತೆಯ ಇಂಜಿನ್ ಎಂದು ಅವನಿಗೆ ನಾನು ಹೇಳಲಿಲ್ಲ. ಪಂಪ್‌ಹೌಸ್ ಗೋಡೆ ಮೇಲೆ ಅಪ್ಪ "ಟ್ಯಾಪೆಟ್ 17" ಎಂದಷ್ಟೇ ಬರೆದಿದ್ದರು. ಅದು 17 ಥೌ, ಅಂದರೆ ಇಂಚಿನ ಸಾವಿರದ ಹದಿನೇಳು ಪಾಲು, ಸುಮಾರು 0.43 ಎಂಎಂ. ಯಾರಾದರೂ 0.17 ಎಂಎಂ ಎಂದು ತಿಳಿದು ಗೇಜ್ ಇಟ್ಟರೆ ಗ್ಯಾಪು ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಕಾದಾಗ ವಾಲ್ವ್ ಪೂರ್ತಿ ಮುಚ್ಚದೆ ಸುಡಬಹುದು. (ನಿಮ್ಮ ಇಂಜಿನ್ನಿಗೆ ಅದರ ಪುಸ್ತಕದ ಅಳತೆಯೇ ಸರಿ.)

ಕೆಲವರು "ಪೂರ್ತಿ ಎಂಎಂಗೆ ಬದಲಾಯಿಸಿಬಿಡಿ" ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಗ್ಯಾಪು, ಎಣ್ಣೆ, ಒತ್ತಡ ಇವನ್ನು ಲೆಕ್ಕ ಹಾಕಿ ಬದಲಾಯಿಸಬಹುದು. ಬೋಲ್ಟು, ನಟ್ಟುಗಳನ್ನು ಲೆಕ್ಕದಲ್ಲಿ ಬದಲಾಯಿಸಲಾಗದು. ಇಂಚಿನಲ್ಲಿ ಹುಟ್ಟಿದ್ದು ಇಂಚಿನಲ್ಲೇ ಇರಲಿ.

ಹುಟ್ಟು ತಿಳಿಯುವುದು ಕಷ್ಟವಲ್ಲ. ಪುಸ್ತಕದಲ್ಲಿರುವ ಎಂಎಂ ಅಳತೆಯನ್ನು 25.4ರಿಂದ ಭಾಗಿಸಿ. ಲಿಸ್ಟರ್ 6 ಎಚ್‌ಪಿ ಇಂಜಿನ್ನಿನ ಬೋರ್ 114.3 ಎಂಎಂ. ಭಾಗಿಸಿದರೆ ಸರಿಯಾಗಿ ನಾಲ್ಕೂವರೆ ಇಂಚು.

ಸ್ಪ್ಯಾನರ್ ವಿಷಯದಲ್ಲೂ ಎಚ್ಚರ ಬೇಕು. ಮುಕ್ಕಾಲು ಇಂಚಿನ ಬೋಲ್ಟ್ ತಲೆಗೆ 19ರ ಸ್ಪ್ಯಾನರ್ ಚೆನ್ನಾಗಿ ಕೂರುತ್ತದೆ. ಅರ್ಧ ಇಂಚಿನ ತಲೆಗೆ 13 ಸಡಿಲ, ಮೂಲೆ ಸವೆಯುತ್ತದೆ. ವಿಟ್‌ವರ್ಥ್ ಸ್ಪ್ಯಾನರ್ ಮೇಲೆ ಬರೆದಿರುವುದಂತೂ ತಲೆಯ ಅಳತೆಯಲ್ಲ, ಬೋಲ್ಟಿನ ದಪ್ಪ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಶಿಡ್ಲಘಟ್ಟ ಕಡೆಯ ರೈತರಿಗೂ ನನ್ನ ಮನವಿ ಇಷ್ಟೇ. ಹಳೆ ಬೋಲ್ಟು ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗಿ. ಹೊಸದು ಕೈಯಲ್ಲೇ ಐದಾರು ಸುತ್ತು ಹೋಗದಿದ್ದರೆ ಸ್ಪ್ಯಾನರ್ ಮುಟ್ಟಬೇಡಿ. ಗೋಡೆ ಮೇಲೆ ಅಳತೆ ಬರೆಯುವಾಗ ಪಕ್ಕದಲ್ಲೇ ಇಂಚೋ, ಥೌವೋ, ಎಂಎಂಓ ಎಂದು ಬರೆಯಿರಿ. ಅಪ್ಪನ 17ರ ಮುಂದೆ ನಾನು ಈಗ "ಥೌ" ಸೇರಿಸಿದ್ದೇನೆ.