ಅಜ್ಜನ ಮನೆಗೆ ಹೆಂಚು ಹೊದಿಸುವ ಮುನ್ನ



ಮಲೆನಾಡಿನ ಊರುಗಳಲ್ಲಿ ಒಮ್ಮೆ ಸುತ್ತಾಡಿ ಬನ್ನಿ. ಹಾಳುಬಿದ್ದ ತೊಟ್ಟಿ ಮನೆಯೊಂದು ಕಣ್ಣಿಗೆ ಬೀಳದೆ ಇರುವುದಿಲ್ಲ. ಹೆಂಚು ಜಾರಿದೆ, ರೀಪಿಗೆ ಗೆದ್ದಲು ಹತ್ತಿದೆ, ಮಣ್ಣಿನ ಗೋಡೆ ಮಳೆಗಾಲಕ್ಕೊಂದಿಷ್ಟು ಕುಸಿಯುತ್ತಿದೆ. ಅಣ್ಣತಮ್ಮಂದಿರು ಪಾಲಾದರು, ಮಕ್ಕಳು ಬೆಂಗಳೂರು ಸೇರಿದರು ಅಂತ ಕಾರಣ ಹೇಳುತ್ತೇವೆ. ಅದು ಅರ್ಧ ಸತ್ಯ. ಬೆಳೆದದ್ದಕ್ಕೆ ಬೆಲೆ ಸಿಕ್ಕಿದ್ದರೆ ವರ್ಷಕ್ಕೊಮ್ಮೆ ಹೆಂಚು ಸರಿಮಾಡಿಸುವುದು ದೊಡ್ಡ ಮಾತೇ? 1989ರಲ್ಲಿ ಅಂತಾರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ ಮುರಿದುಬಿತ್ತು. 2001-02ರ ಹೊತ್ತಿಗೆ ಕಾಫಿ ಬೆಲೆ ಪಾತಾಳ ಕಂಡಿತು. ಕೊಯ್ಲಿನ ಕೂಲಿ ಹುಟ್ಟಿಸಲು ಪರದಾಡುವವನು ಅಜ್ಜನ ಮನೆಯ ಸೂರು ನೋಡುತ್ತಾನೆಯೇ?

ಈಗ ಪೇಟೆಯಿಂದ ಬಂದ ಮಗ ಹೇಳುತ್ತಾನೆ: “ಅಪ್ಪಾ, ಮನೆ ರಿಪೇರಿ ಮಾಡ್ಸೋಣ, ಹೋಮ್‌ಸ್ಟೇ ಮಾಡೋಣ. ಬ್ಯಾಂಕಿನೋರು ಸಾಲ ಕೊಡ್ತಾರೆ.”

ಮಾತು ಕೆಟ್ಟದ್ದಲ್ಲ. ಕೊಡಗು, ಚಿಕ್ಕಮಗಳೂರಿನಲ್ಲಿ ಎಷ್ಟೋ ಕುಟುಂಬಗಳು ಬೆಲೆ ಬಿದ್ದ ಕಾಲದಲ್ಲಿ ಇದರಿಂದಲೇ ಉಸಿರಾಡಿದವು. ಬಂದವರಿಗೆ ಊಟ ಹಾಕುವುದು ನಮಗೆ ಹೊಸದಲ್ಲ. ಆದರೆ ಸಾಲದ ಕಾಗದಕ್ಕೆ ಸಹಿ ಹಾಕುವ ಮುನ್ನ ನಾಲ್ಕು ಮಾತು ಕೇಳಿ.

ಒಂದು, ಮನೆ ಯಾರದು? ಪಿತ್ರಾರ್ಜಿತ ಆಸ್ತಿಯಲ್ಲಿ 2005ರ ತಿದ್ದುಪಡಿಯ ನಂತರ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲು. ತಂಗಿಯರನ್ನು ಕೇಳದೆ ಗೋಡೆ ಎಬ್ಬಿಸಿದರೆ, ಬಂದ ಲಾಭ ವಕೀಲರ ಪಾಲಾದೀತು.

ಎರಡು, ಅಡಮಾನ. 2002ರ ಸರ್ಫೇಸಿ ಕಾಯ್ದೆ ಕೃಷಿ ಭೂಮಿಯ ಅಡಮಾನವನ್ನು ಹೊರಗಿಟ್ಟಿದೆ. ವಾಸದ ಮನೆಗೆ ಆ ರಕ್ಷಣೆ ಇಲ್ಲ. ಕಂತು ನಿಂತರೆ ಬ್ಯಾಂಕು 60 ದಿನದ ನೋಟಿಸು ಕೊಟ್ಟು, ಕೋರ್ಟಿನ ಡಿಕ್ರಿ ಇಲ್ಲದೆಯೇ ಮನೆಯನ್ನು ವಶಕ್ಕೆ ತೆಗೆದುಕೊಳ್ಳಬಹುದು. ಹೋಮ್‌ಸ್ಟೇಗೆ ಮುದ್ರಾ ಸಾಲ ಕೊಡಿಸುತ್ತೇವೆ ಅಂತ 2025ರ ಕೇಂದ್ರ ಬಜೆಟ್ಟಿನಲ್ಲೇ ಹೇಳಿದ್ದಾರೆ. ಮುದ್ರಾ ಸಾಲಕ್ಕೆ ಅಡಮಾನ ಬೇಕಿಲ್ಲ. ಮೊದಲು ಅದನ್ನು ಕೇಳಿ. ಮನೆಪತ್ರ ಪೆಟ್ಟಿಗೆಯಲ್ಲೇ ಇರಲಿ.

ಮೂರು, ಆದಾಯ. ಬೇಸಾಯದ ವರಮಾನಕ್ಕೆ ಆದಾಯ ತೆರಿಗೆ ಇಲ್ಲ. ಅತಿಥಿ ಕೊಟ್ಟ ಹಣ ಬೇಸಾಯದ ವರಮಾನವಲ್ಲ. ಅದರ ಲೆಕ್ಕ ಬೇರೆಯೇ ಬರೆದಿಡಿ. ವರ್ಷಪೂರ್ತಿ ಕೋಣೆ ತುಂಬುತ್ತದೆಂಬ ಭ್ರಮೆಯೂ ಬೇಡ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡ ಕುಸಿದಾಗ ಪ್ರವಾಸಿಗರು ಬರಲಿಲ್ಲ. 2020ರ ಲಾಕ್‌ಡೌನಿನಲ್ಲಿ ಬಾಗಿಲೇ ಮುಚ್ಚಿತು. ಆಗ ಕಂತಿಗೆ ಕೆಲವು ತಿಂಗಳು ಬಿಡುವು ಸಿಕ್ಕಿತು, ಬಡ್ಡಿಗೆ ಬಿಡುವಿರಲಿಲ್ಲ.

ನಾಲ್ಕು, ಗಾತ್ರ. ಕೇಂದ್ರದ ಬೆಡ್ ಅಂಡ್ ಬ್ರೇಕ್‌ಫಾಸ್ಟ್ ಯೋಜನೆ ಕೇಳುವುದು ಕನಿಷ್ಠ 1 ಕೋಣೆ, ಗರಿಷ್ಠ 6. ಮನೆಯವರು ಅದೇ ಮನೆಯಲ್ಲಿ ವಾಸವಿರಬೇಕು. ಹಾಗಾದರೆ ಎರಡೇ ಕೋಣೆಯಿಂದ ಶುರುಮಾಡಿ. ಮೊದಲು ಸೂರು ಕಟ್ಟಿ, ಸ್ನಾನದ ಮನೆಯ ಟೈಲ್ಸು ಆಮೇಲೆ. ಮಣ್ಣಿನ ಗೋಡೆಗೆ ಸಿಮೆಂಟು ಮೆತ್ತಬೇಡಿ. ತೇವ ಒಳಗೇ ನಿಂತು ಗೋಡೆ ಕೊಳೆಯುತ್ತದೆ. ಅಜ್ಜ ಬಳಸಿದ ಮಣ್ಣು, ಸುಣ್ಣವೇ ಸಾಕು.

ಇಷ್ಟಾದ ಮೇಲೂ ಒಂದು ಮಾತು ಉಳಿಯುತ್ತದೆ. ರೈತರು ಬೇರೆ ಆದಾಯ ಹುಡುಕಿಕೊಳ್ಳಲಿ ಅಂತ ವೇದಿಕೆ ಮೇಲೆ ಉಪದೇಶ ಮಾಡುವವರಿಗೆ ನಮ್ಮ ಪ್ರಶ್ನೆ ಇದು: ಅತಿಥಿಯ ತಟ್ಟೆಗೆ ಬಡಿಸುವ ಅನ್ನದ ಬೆಲೆ ಹೇಳುವವರು ನಾವು, ಅದೇ ಭತ್ತವನ್ನು ಮಂಡಿಗೆ ಒಯ್ದರೆ ಬೆಲೆ ಹೇಳುವವರು ಬೇರೆಯವರು. ಇದು ಯಾವ ನ್ಯಾಯ?

1980ರ ದಶಕದಲ್ಲಿ, ಅನುಮತಿ ಇಲ್ಲದೆ ಸಾಲ ವಸೂಲಿಗೆ ಬರಬೇಡಿ ಅಂತ ನಮ್ಮ ಹಳ್ಳಿಗಳು ಊರ ಬಾಗಿಲಿಗೆ ಬೋರ್ಡು ಹಾಕಿದ್ದವು. ಈಗ ಸುಸ್ವಾಗತದ ಬೋರ್ಡು ಹಾಕುವುದಾದರೆ ಧಾರಾಳವಾಗಿ ಹಾಕಿ. ಆದರೆ ಅದೇ ಬಾಗಿಲಿಗೆ ಹರಾಜಿನ ನೋಟಿಸು ಅಂಟದ ಹಾಗೆ ನೋಡಿಕೊಳ್ಳಿ. ಮನೆ ನಿಲ್ಲಲಿ, ಅದರ ಜೊತೆಗೆ ನ್ಯಾಯವಾದ ಬೆಲೆಯ ಹೋರಾಟವೂ ನಿಲ್ಲದಿರಲಿ.