ಗಾಲಿ ದೊಡ್ಡದು, ಗಾಳಿ ಕಮ್ಮಿ

ಮೂವತ್ತು ದಾಟಿದ, ಎರಡು ಮೂರು ಕಂಪನಿ ಬದಲಾಯಿಸಿ ಕೊನೆಗೂ ಕೈಯಲ್ಲಿ ಸ್ವಲ್ಪ ದುಡ್ಡು ನಿಂತ ನಮ್ಮಂಥ ಸಾಫ್ಟ್‌ವೇರ್ ಜನಕ್ಕೆ ಮನೆಯವರು ಎಸ್‌ಯುವಿ ತಗೋ ಅಂತಾರೆ. ನಾವು ಕೇಳಲ್ಲ. ಓಡಿಸೋಕೆ ಮಜಾ ಕೊಡುವ ಚಿಕ್ಕ ಕಾರು ಬೇಕು, ಟರ್ಬೊ ಎಂಜಿನ್ನಿನ ಹ್ಯಾಚ್‌ಬ್ಯಾಕ್ ಬೇಕು. ಇಲ್ಲಿವರೆಗೆ ನನ್ನ ಪೂರ್ತಿ ಬೆಂಬಲ ಇದೆ. ತಕರಾರು ಇರೋದು ಮುಂದಿನ ಪ್ರಶ್ನೆಯಲ್ಲಿ. ಗಾಲಿ ಎಷ್ಟು ಇಂಚು?

ಎಲ್ಲರ ಉತ್ತರವೂ ಒಂದೇ: ಎಷ್ಟು ದೊಡ್ಡದು ಸಿಗುತ್ತೋ ಅಷ್ಟು.

ನನ್ನ ಉತ್ತರ ಬೇರೆ. ಬ್ರೇಕ್ ಒಳಗೆ ಸರಿಯಾಗಿ ಕೂರುವಷ್ಟು ರಿಮ್ ಇದ್ದರೆ ಸಾಕು. ಅದಕ್ಕಿಂತ ಮೇಲಿನ ಪ್ರತಿ ಇಂಚೂ ನಮ್ಮ ರಸ್ತೆಗಳಲ್ಲಿ ದುಡ್ಡು ಕೊಟ್ಟು ಮನೆಗೆ ತರುವ ತೊಂದರೆ.

ಯುರೋಪಿನಲ್ಲಿ ಈ ಪ್ರಶ್ನೆ ಕಾರು ಆರ್ಡರ್ ಮಾಡುವಾಗಲೇ ಬರುತ್ತೆ. ಬ್ರಿಟನ್ನಿನಲ್ಲಿ ಗಾಲ್ಫ್ ಜಿಟಿಐ ಬುಕ್ ಮಾಡುವ ನಮ್ಮ ಹುಡುಗರಿಗೆ 18 ಇಂಚು ಕಾರಿನ ಜೊತೆಗೇ ಬರುತ್ತೆ, 19 ಬೇಕಂದ್ರೆ ಹೆಚ್ಚಿಗೆ ದುಡ್ಡು ಕಟ್ಟಬೇಕು. 2025ರಲ್ಲಿ ಭಾರತಕ್ಕೆ ಆಮದಾಗಿ ಬಂದ ಜಿಟಿಐ 18 ಇಂಚಿನಲ್ಲೇ ಬಂತು. ಅಷ್ಟು ದುಡ್ಡಿಲ್ಲದವರು ಕೊಂಡ ಹ್ಯುಂಡೈ ಐ20 ಎನ್ ಲೈನ್ 16 ಇಂಚಿನಲ್ಲಿ ಬಂತು. ಇಲ್ಲಿ ಶೋರೂಮಿನವರು ಕೇಳದ ಪ್ರಶ್ನೆಯನ್ನ ಜೆ.ಸಿ. ರೋಡಿನ ಅಲಾಯ್ ಅಂಗಡಿಯವರು ಕೇಳ್ತಾರೆ: "ಸಾರ್, 17 ಹಾಕ್ಬಿಡೋಣ್ವಾ? ಲುಕ್ಕೇ ಬೇರೆ." ಕಾರು ಕೈಗೆ ಬರೋ ಮುಂಚೆಯೇ ಅಲಾಯ್ ಫೋಟೊಗಳು ವಾಟ್ಸಾಪಿನಲ್ಲಿ ಓಡಾಡ್ತಿರ್ತವೆ.

ಬನ್ನಿ, ಹೈಸ್ಕೂಲು ಲೆಕ್ಕ ಮಾಡೋಣ. ಎನ್ ಲೈನ್ ಟೈರಿನ ಮೇಲೆ 195/55 ಆರ್16 ಅಂತಿರುತ್ತೆ. ಅಗಲ 195 ಮಿಲಿಮೀಟರ್. ರಿಮ್ಮಿಂದ ನೆಲದ ತನಕ ಇರುವ ಟೈರಿನ ಎತ್ತರ ಅದರ ಶೇ. 55, ಅಂದರೆ 107 ಮಿ.ಮೀ. ಇದನ್ನ ಬಿಚ್ಚಿ 205/45 ಆರ್17 ಹಾಕಿದರೆ ಆ ಎತ್ತರ 92ಕ್ಕೆ ಇಳಿಯುತ್ತೆ. 215/35 ಆರ್18 ಹಾಕಿದರೆ 75. ಆದರೆ ಟೈರು ಸೇರಿಸಿ ಇಡೀ ಚಕ್ರದ ವ್ಯಾಸ ಮೂರರಲ್ಲೂ ಹೆಚ್ಚುಕಮ್ಮಿ ಒಂದೇ, 61-62 ಸೆಂಟಿಮೀಟರ್ ಆಸುಪಾಸು. ಅದು ತೀರಾ ಬದಲಾದರೆ ಸ್ಪೀಡೊಮೀಟರ್ ಲೆಕ್ಕ ತಪ್ಪುತ್ತೆ, ತಿರುವಿನಲ್ಲಿ ಟೈರು ಬಾಡಿಗೆ ಉಜ್ಜುತ್ತೆ. ಅಂದಮೇಲೆ ನೀವು ಕೊಂಡಿದ್ದು ದೊಡ್ಡ ಚಕ್ರ ಅಲ್ಲ ಸ್ವಾಮಿ. ಅಷ್ಟೇ ಚಕ್ರದಲ್ಲಿ ಲೋಹ ಜಾಸ್ತಿ, ಗಾಳಿ ಕಮ್ಮಿ.

ಇದನ್ನ ಹೇಳಿದಾಗ ಆಫೀಸಿನ ಗೆಳೆಯನೊಬ್ಬ ಹಳ್ಳಿಯವನಾದ ನನಗೇ ಹಳ್ಳಿ ಪಾಠ ಮಾಡಿದ: "ಮಗಾ, ಎತ್ತಿನ ಗಾಡಿ ಚಕ್ರ ಅಷ್ಟೆತ್ತರ ಇರ್ತಿತ್ತಲ್ಲ, ಹಳ್ಳ ದಿಣ್ಣೆ ದಾಟೋಕೇ ತಾನೆ?" ಹೌದು, ಅದಕ್ಕೇ. ಆದರೆ ಆ ಗಾಡಿಯ ಮುಂದಿನ ಕತೆ ಅವನಿಗೆ ಗೊತ್ತಿಲ್ಲ. ಮರದ ಚಕ್ರ, ಸುತ್ತ ಕಬ್ಬಿಣದ ಪಟ್ಟಿ, ಗಾಳಿಗೆ ಅದರಲ್ಲಿ ಜಾಗವೇ ಇರಲಿಲ್ಲ. ಕಲ್ಲಿಗೆ ಬಡಿದ ಪ್ರತಿ ಪೆಟ್ಟೂ ಗಾಡಿಗೆ, ಎತ್ತಿನ ಹೆಗಲಿಗೆ, ಮೇಲೆ ಕೂತವನ ಸೊಂಟಕ್ಕೆ. ಆಮೇಲೆ ಟೈರ್ ಗಾಡಿ ಬಂತು. ಅದರ ಚಕ್ರ ಮರದ ಚಕ್ರಕ್ಕಿಂತ ಎಷ್ಟೋ ಚಿಕ್ಕದು, ಆದರೆ ಒಳಗೆ ಗಾಳಿ. ಅದೇ ಜೋಡಿ ಎತ್ತು ಹೆಚ್ಚು ಹೊರೆಯನ್ನ ಸಲೀಸಾಗಿ ಎಳೆಯೋಕೆ ಶುರು ಮಾಡಿದವು. ಚನ್ನರಾಯಪಟ್ಟಣದ ಕಡೆಯ ನಮ್ಮೂರಿನ ರೈತರು ಇದನ್ನ ನೋಡಿ ಎತ್ತರದ ಮರದ ಚಕ್ರವನ್ನ ಕೊಟ್ಟಿಗೆಗೆ ಒರಗಿಸಿ ಟೈರ್ ಗಾಡಿ ಕೊಂಡರು. ಇಂಜಿನಿಯರಿಂಗ್ ಓದಿದ ನಾವು ಟೈರ್ ಗಾಡಿಯಿಂದ ಮರದ ಗಾಡಿ ಕಡೆಗೆ ವಾಪಸ್ ಹೊರಟಿದ್ದೀವಿ, ಅದೂ ಇಎಂಐ ಕಟ್ಟಿ.

"ಇದು ಪರ್ಫಾರ್ಮೆನ್ಸ್ ಕಾರು, ಎತ್ತಿನ ಗಾಡಿ ಅಲ್ಲ" ಅಂತೀರಾ? ಸರಿ, ಪರ್ಫಾರ್ಮೆನ್ಸ್ ಬಗ್ಗೆಯೇ ಮಾತಾಡೋಣ. ವಿಶ್ವ ರ‍್ಯಾಲಿ ಚಾಂಪಿಯನ್‌ಶಿಪ್ಪಿನಲ್ಲಿ ಡಾಂಬರು ರಸ್ತೆಗೆ 18 ಇಂಚಿನ ಗಾಲಿ ಹಾಕ್ತಾರೆ. ಅದೇ ಕಾರು ಮಣ್ಣು, ಜಲ್ಲಿ ರಸ್ತೆಗೆ ಇಳಿದಾಗ 15 ಇಂಚು. ಮಳೆಗಾಲ ಮುಗಿದ ಮೇಲೆ ಬೆಂಗಳೂರಿನ ಹೊರವರ್ತುಲ ರಸ್ತೆಯ ಸರ್ವಿಸ್ ರೋಡು ಇವೆರಡರಲ್ಲಿ ಯಾವ ಜಾತಿಗೆ ಸೇರುತ್ತೆ, ನೀವೇ ಹೇಳಿ. 1976ರ ಮೊದಲ ಗಾಲ್ಫ್ ಜಿಟಿಐ 13 ಇಂಚಿನ ಗಾಲಿಯಲ್ಲಿ ಓಡಿತು. ಫಾರ್ಮುಲಾ ಒನ್ ಕಾರುಗಳ ರಿಮ್ 2021ರ ತನಕ 13 ಇಂಚೇ ಇತ್ತು. ಅವು ನಿಧಾನ ಇದ್ದವು ಅಂತ ಯಾರೂ ದೂರಿಲ್ಲ.

ತೂಕದ ಮಾತೂ ಇದೆ. ದೊಡ್ಡ ರಿಮ್ ಸಾಮಾನ್ಯವಾಗಿ ಹೆಚ್ಚು ಭಾರ, ಆ ಭಾರವೂ ಅಂಚಿನ ಕಡೆಗೆ ಸರಿದಿರುತ್ತೆ. ಗದ್ದೆಯಲ್ಲಿ ಓಡಿದವರಿಗೆ ಇದು ಗೊತ್ತು: ಬೆನ್ನ ಮೇಲೆ ಒಂದು ಕೆ.ಜಿ. ಹೊತ್ತರೆ ಲೆಕ್ಕಕ್ಕಿಲ್ಲ, ಅದೇ ಒಂದು ಕೆ.ಜಿ. ಕೆಸರು ಪಾದಕ್ಕೆ ಮೆತ್ತಿಕೊಂಡರೆ ಹೆಜ್ಜೆ ಎತ್ತೋಕಾಗಲ್ಲ. ಕಾರಿನ ಸಸ್ಪೆನ್ಷನ್ನಿಗೂ ಅಷ್ಟೇ. ಟರ್ಬೊಗೆ ಅಂತ ದುಡ್ಡು ಕೊಟ್ಟು, ಆ ಶಕ್ತಿಯಲ್ಲಿ ಒಂದಿಷ್ಟನ್ನ ಭಾರದ ಗಾಲಿ ತಿರುಗಿಸೋಕೆ ಖರ್ಚು ಮಾಡ್ತೀವಿ.

ಈಗ ಭಾನುವಾರ ರಾತ್ರಿ ಹಾಸನದ ಕಡೆಯಿಂದ ವಾಪಸ್ ಬರ್ತಿದ್ದೀರಿ ಅಂದ್ಕೊಳ್ಳಿ. ಯಡಿಯೂರಿನ ಹತ್ತಿರ ಕತ್ತಲಲ್ಲಿ ಒಂದು ಗುಂಡಿ. ರಿಮ್ಮಿನ ಅಂಚಿಗೂ ಗುಂಡಿಯ ಅಂಚಿಗೂ ನಡುವೆ ಟೈರು ಅಡಕತ್ತರಿಗೆ ಸಿಕ್ಕ ಅಡಿಕೆ ಥರ. ಟೈರಿನ ಪಕ್ಕೆ ಹರಿದರೆ ಪಂಕ್ಚರ್ ಕಿಟ್ ಕೈಕೊಡುತ್ತೆ, ಪ್ಲಗ್ ನಿಲ್ಲಲ್ಲ, ಹೊಸ ಟೈರೇ ಬೇಕು. ಆ ಹೊತ್ತಲ್ಲಿ ಬೆಳ್ಳೂರು ಕ್ರಾಸಿನಲ್ಲಿ 215/35 ಆರ್18 ಕೇಳಿ ನೋಡಿ. ಇನ್ನು ವಿಮೆ. ನಮ್ಮಲ್ಲಿ ಸಾಮಾನ್ಯವಾಗಿರುವ ಕಾರು ಪಾಲಿಸಿಯ ಷರತ್ತು ಓದಿದ್ದೀರಾ? ಟೈರಿಗೆ ಮಾತ್ರ ಪೆಟ್ಟಾದರೆ ಏನೂ ಇಲ್ಲ. ಜೊತೆಗೆ ಕಾರಿಗೂ ಪೆಟ್ಟಾಗಿದ್ದರೆ ಹೊಸ ಟೈರಿನ ಬೆಲೆಯಲ್ಲಿ ಅರ್ಧ. ಪೂರ್ತಿ ಬೇಕಂದ್ರೆ ಬೇರೆ ಆ್ಯಡ್-ಆನ್, ಬೇರೆ ಕಂತು.

"ತಪ್ಪು ಗುಂಡೀದು, ಗಾಲೀದಲ್ಲ. ಪಾಲಿಕೆಯವರನ್ನ ಕೇಳಿ" ಅನ್ನುವವರಿದ್ದಾರೆ. ಖಂಡಿತ ಕೇಳೋಣ, ನಾನೂ ಬರ್ತೀನಿ. ಆದರೆ ಚರಂಡಿ ಸರಿಮಾಡಿ ಅಂತ ಅರ್ಜಿ ಕೊಟ್ಟವರು ಆವತ್ತೇ ಸೊಳ್ಳೆಪರದೆ ಸುಟ್ಟು ಹಾಕಲ್ಲ.

ದೊಡ್ಡ ರಿಮ್ಮಿನ ಪರ ಇರುವ ನ್ಯಾಯವಾದ ಮಾತು ಎರಡು. ಒಂದು, ಸ್ಟೀರಿಂಗ್ ತಿರುಗಿಸಿದ ತಕ್ಷಣ ಕಾರು ಚುರುಕಾಗಿ ಸ್ಪಂದಿಸುತ್ತೆ. ನಿಜ, ಕೊಯಮತ್ತೂರಿನ ಕರಿ ಟ್ರ್ಯಾಕಿಗೆ ತಿಂಗಳಿಗೊಮ್ಮೆ ಹೋಗುವವರು ಧಾರಾಳವಾಗಿ ಹಾಕಿಸಿಕೊಳ್ಳಲಿ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಆ ಚುರುಕು ಯಾರಿಗೆ ಬೇಕು? ಎರಡು, ಚೆನ್ನಾಗಿ ಕಾಣುತ್ತೆ. ಇದೂ ನಿಜ, ವಾದ ಮಾಡಲ್ಲ. ಆದರೆ ಲುಕ್ಕು ಹೊರಗೆ ನಿಂತವರಿಗೆ, ಪೆಟ್ಟು ಒಳಗೆ ಕೂತವರಿಗೆ. ನನ್ನ ಕಾರಿನ ಹಿಂದಿನ ಸೀಟಿನಲ್ಲಿ ಕೂರೋದು ನಮ್ಮವ್ವ. ಮರದ ಗಾಡಿಯ ಪೆಟ್ಟು ತಿಂದ ಸೊಂಟ ಅದು. 16ಕ್ಕೂ 18ಕ್ಕೂ ಇರುವ ವ್ಯತ್ಯಾಸವನ್ನ ಯಾವ ಯೂಟ್ಯೂಬ್ ರಿವ್ಯೂವರಿಗಿಂತಲೂ ಮೊದಲು ಹೇಳುತ್ತೆ.

ಕಂಪನಿಗಳೂ ಇದರಲ್ಲಿ ಪಾಲುದಾರರು. ಒಳ್ಳೆ ಸೀಟು, ಒಳ್ಳೆ ಲೈಟು ಬೇಕಂದ್ರೆ ಟಾಪ್ ಮಾಡೆಲ್ ತಗೋಬೇಕು, ಅದರ ಜೊತೆ ದೊಡ್ಡ ಗಾಲಿ ಕಡ್ಡಾಯ ಅನ್ನುವುದು ಮಾರುಕಟ್ಟೆಯ ರೂಢಿ. ಊಟಕ್ಕೆ ಕೂತವರಿಗೆ ಪಾಯಸ ಬೇಕಾದ್ರೆ ಹಾಗಲಕಾಯಿ ಎರಡು ಸಲ ಹಾಕಿಸ್ಕೋ ಅಂದ ಹಾಗೆ. ಸಣ್ಣ ಗಾಲಿ ಬೇಕು ಅಂತ ಗಿರಾಕಿ ಬಾಯಿಬಿಟ್ಟು ಕೇಳದಿದ್ದರೆ ಈ ರೂಢಿ ಬದಲಾಗಲ್ಲ. ಟಾಪ್ ಮಾಡೆಲ್ಲಿನಲ್ಲೂ ಒಂದಿಂಚು ಕಮ್ಮಿ ಗಾಲಿಯ ಆಯ್ಕೆ ಕೊಡಿ ಅಂತ ಬುಕಿಂಗ್ ಟೇಬಲ್ಲಿನಲ್ಲೇ ಕೇಳಿ, ಮೇಲ್ ಹಾಕಿ ಕೇಳಿ.

ಕಂಪನಿ ಕೊಟ್ಟ ಗಾಲಿ ಹಾಗೇ ಇರಲಿ. ಅಲಾಯ್‌ಗೆ ಅಂತ ಎತ್ತಿಟ್ಟ ದುಡ್ಡಲ್ಲಿ ಅದೇ ಅಳತೆಯ ಅತ್ಯುತ್ತಮ ಟೈರು ನಾಲ್ಕು ಹಾಕಿಸಿ. ನೆಲ ಹಿಡಿಯೋದು ರಬ್ಬರು, ರಿಮ್ಮಲ್ಲ. ಮಳೇಲಿ ಬ್ರೇಕ್ ಒತ್ತಿದಾಗ ಕಾರು ನಿಲ್ಲಿಸೋದೂ ಅದೇ.