ಹೊರವಲಯದ ಮನೆ ಕೊಳ್ಳುವವರಿಗೆ

ಬೆಂಗಳೂರಿನ ಹೊರವಲಯದಲ್ಲಿ ಮನೆ ಕೊಳ್ಳಲೆಳಸುವ ಮಹನೀಯರು ಕ್ರಯಪತ್ರವು ರಿಜಿಸ್ಟರಾದೊಡನೆ ನಿಶ್ಚಿಂತರಾಗುವುದು ವಾಡಿಕೆ. ಇದು ಭ್ರಮೆ. 1908ರ ನೋಂದಣಿ ಕಾಯಿದೆಯು ಪತ್ರವನ್ನು ದಾಖಲು ಮಾಡುವುದೇ ಹೊರತು ಮಾರುವವನ ಹಕ್ಕಿಗೆ ಸರ್ಕಾರವನ್ನು ಜಾಮೀನು ನಿಲ್ಲಿಸುವುದಿಲ್ಲ. ಖಾತೆಯೂ ಕಂದಾಯದ ಲೆಕ್ಕವಷ್ಟೆ. ಮೂಲಪತ್ರಗಳನ್ನೂ, ಋಣಭಾರ ಪತ್ರವನ್ನೂ, ಭೂಪರಿವರ್ತನೆಯ ಆಜ್ಞೆಯನ್ನೂ ವಕೀಲರಿಂದ ಪರೀಕ್ಷಿಸಿಕೊಳ್ಳತಕ್ಕದ್ದು.

ಕಾಗದಗಳೆಲ್ಲ ಸರಿಯಾಗಿದ್ದರೂ ನೆಲದ ಸಂಗತಿ ಬೇರೆ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆಗಳ ಕಡೆ ಕೋಟಿಗಟ್ಟಲೆ ಬೆಲೆಯ ಮನೆಗಳಿಂದ ಜನರನ್ನು ದೋಣಿಗಳಲ್ಲಿಯೂ ಟ್ರ್ಯಾಕ್ಟರುಗಳಲ್ಲಿಯೂ ಸಾಗಿಸಬೇಕಾಯಿತು. ಕೆರೆಯಿಂದ ಕೆರೆಗೆ ಹರಿಯುವ ರಾಜಕಾಲುವೆಯು ಯಾರ ಕ್ರಯಪತ್ರವನ್ನೂ ಓದುವುದಿಲ್ಲವಷ್ಟೆ! ಹಳೆಯ ಗ್ರಾಮ ನಕ್ಷೆಯಲ್ಲಿ ಕೆರೆ, ಕಾಲುವೆಗಳನ್ನು ಗುರುತಿಸಿರುವರು. ಸರ್ವೆ ನಂಬರು ಹಿಡಿದು ನೋಡಲು ಏನು ಕಷ್ಟ? ನೆರೆಯವರನ್ನೂ ಕೇಳಲಿ: ಬೇಸಗೆಯಲ್ಲಿ ನೀರಿನ ಟ್ಯಾಂಕರು ಎಷ್ಟು ಸಲ ಬರುವುದು? ಮಳೆಗಾಲದಲ್ಲಿ ನೀರು ಎಲ್ಲಿಯವರೆಗೆ ಏರಿತ್ತು?

ಹೊಣೆಯನ್ನೆಲ್ಲ ಕೊಳ್ಳುವವನ ಮೇಲೆ ಹೊರಿಸುವುದು ನ್ಯಾಯವಲ್ಲ. 2016ರಲ್ಲಿ ರಾಜಕಾಲುವೆಯ ತೆರವಿಗೆಂದು ಮನೆಗಳನ್ನು ಕೆಡಹಿದ ದಿನ ನಕ್ಷೆ ಬಿಚ್ಚಿದ ಅಧಿಕಾರಿಗಳು, ಮನೆ ಕಟ್ಟಲು ಅಪ್ಪಣೆಯಿತ್ತ ದಿನ ಅದನ್ನೇಕೆ ಬಿಚ್ಚಲಿಲ್ಲ? ಗ್ರಾಮ ನಕ್ಷೆಯ ಪ್ರತಿಯನ್ನು ಕ್ರಯಪತ್ರದೊಡನೆಯೇ ಲಗತ್ತಿಸಬೇಕೆಂಬ ನಿಯಮವನ್ನು ಸರ್ಕಾರವು ಕೂಡಲೆ ಮಾಡಲಿ.